ಸ್ಲೋ ಕುಕ್ಕರಿನಲ್ಲಿ ಬೆಂದ ಜವಾರಿ ಕೋಳಿ

ಅತ್ತೆಯ ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳನ್ನು ರಾಯಚೂರಿನ ಡಾಕ್ಟರು ನಾಲ್ಕು ಸಲಕ್ಕೆ ಕಿತ್ತರು. ವಸಡು ಮಾಯಲು ಮೂರು ತಿಂಗಳಾದರೂ ಬೇಕು, ಹಲ್ಲಿನ ಸೆಟ್ಟು ಆಮೇಲೆ ಎಂದರು. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ನನ್ನ ಮೈದುನನ ಸಂಸಾರದ ಜೊತೆ ಇದ್ದ ಅತ್ತೆ ಅಷ್ಟು ದಿನದ ಮಟ್ಟಿಗೆ ರಾಯಚೂರಿನ ನಮ್ಮ ಮನೆಗೆ ಬಂದರು.

ಬಂದ ಎರಡನೆಯ ವಾರ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಊಟಕ್ಕೆ ಕುಳಿತಾಗ ಅತ್ತೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಬೆನ್ನು ನಮ್ಮ ಕಡೆ, ಸೆರಗು ಬಾಯಿಯ ಮೇಲೆ. ಗಂಜಿಯನ್ನೋ ಹಾಲಿಗೆ ಹಾಕಿದ ಬ್ರೆಡ್ಡನ್ನೋ ಅವಸರದಲ್ಲಿ ನುಂಗಿ ಎದ್ದುಬಿಡುತ್ತಿದ್ದರು. ಗದ್ದೆಯಲ್ಲಿ ನಾಟಿ ಹಚ್ಚುವಾಗ ಇಡೀ ಸಾಲಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಅವರು. ಈಗ ನಾನು ಏನು ಕೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ರವಿಕೆಯ ತೋಳು ಸಡಿಲವಾಗಿತ್ತು.

ಅವರಿಗೆ ಇಷ್ಟವಾದದ್ದು ಕೋಳಿ ಸಾರು. ಅದರಲ್ಲೂ ಜವಾರಿ ಕೋಳಿ. ಫಾರಂ ಕೋಳಿಯನ್ನು ಅವರು ಕೋಳಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಭಾನುವಾರ ಪ್ರೆಶರ್ ಕುಕ್ಕರಿನಲ್ಲಿ ಎಂಟು ಸೀಟಿ ಹೊಡೆಸಿದೆ. ಮಾಂಸ ನಾರುನಾರಾಗಿ ಬಿಚ್ಚಿಕೊಂಡಿತು, ರಸವೆಲ್ಲ ಸಾರಿಗಿಳಿದು ಒಣಗಿತ್ತು. ಒಂದು ನಾರು ಅತ್ತೆಯ ವಸಡಿಗೆ ಅಂಟಿಕೊಂಡಿತು, ಸಣ್ಣ ಎಲುಬಿನ ಚೂರೊಂದು ಚುಚ್ಚಿತು. ಅವರು ತಟ್ಟೆಯನ್ನು ಮೆಲ್ಲಗೆ ಸರಿಸಿದರು.

ನಾನು ದೇವದುರ್ಗದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಏಳೂವರೆಗೆ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ಆರಕ್ಕೆ. ಒಲೆಯ ಮುಂದೆ ನಾಲ್ಕು ತಾಸು ನಿಲ್ಲುವ ಹಾಗಿಲ್ಲ. ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಈ ಕಷ್ಟ ಹೇಳಿಕೊಂಡೆ. ಗಣಿತದ ಮೇಡಂ, ಹೈದರಾಬಾದಿನ ತಂಗಿ ಕೊಟ್ಟ ಸ್ಲೋ ಕುಕ್ಕರ್ ಒಂದು ಡಬ್ಬಿ ಕೂಡ ಒಡೆಯದೆ ಕಪಾಟಿನ ಮೇಲೆ ಕುಳಿತಿದೆ ಎಂದರು. ಮರುದಿನ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಕಾವು ತಿರುಗಿಸುವ ಒಂದು ಗುಬುಟು. ಎಲ್ಲ ಹಾಕಿ ಸ್ವಿಚ್ ಒತ್ತಿದರೆ ಎಂಟು ತಾಸು ತನ್ನ ಪಾಡಿಗೆ ತಾನೇ ಬೇಯಿಸುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ನನಗೆ ಬೇಕಾದದ್ದೂ ಅದೇ.

ಮರುದಿನ ಬೆಳಿಗ್ಗೆ ಕೋಳಿ ಹಾಕಿ, ಸ್ವಿಚ್ ಒತ್ತಿ, ಅತ್ತೆಗೆ ಹೇಳಿ ಹೊರಟೆ. ಸಂಜೆ ಬಾಗಿಲು ತೆಗೆದಾಗ ಬೆಂದ ಮಸಾಲೆಯ ಘಮ ಇರಲಿಲ್ಲ. ಅಡುಗೆಮನೆಯಲ್ಲಿ ಪ್ಲಗ್ಗು ಕಿತ್ತು, ವೈರನ್ನು ಅಂದವಾಗಿ ಸುತ್ತಿ ಇಟ್ಟಿತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ. ರಾಯಚೂರಿನ ಬಿಸಿಲಿಗೆ ಹತ್ತು ತಾಸು ಹಸಿ ಕೋಳಿ ಇನ್ನು ಹೇಗಿದ್ದೀತು?

"ಅತ್ತೀ, ಯಾಕ ತೆಗದ್ರಿ?" ಎಂದು ಕೇಳಿದೆ. ಧ್ವನಿ ನನಗೆ ತಿಳಿಯದೆಯೇ ಏರಿತ್ತು.

ಅವರು ಸೆರಗಿನೊಳಗಿಂದ ಹೇಳಿದರು: "ಕರೆಂಟ್ ಹಚ್ಚಿ ಮನಿ ಬಿಟ್ಟು ಹೋದಿ. ಕಟ್ಟಿಗಿ ಒಲಿ ಆದ್ರ ಉರಿ ಕಣ್ಣಿಗೆ ಕಾಣತದ. ಇದರಾಗ ಉರಿ ಎಲ್ಲಿ ಅದ? ನನಗ ಅಂಜಿಕಿ ಬಂತು."

"ನಿಮಗಂತನ ಮಾಡೀನ್ರಿ."

"ನನಗಂತ ಏನೂ ಮಾಡಬ್ಯಾಡ ಯವ್ವಾ. ಗಂಜಿ ಸಾಕು."

ಇಡೀ ಕೋಳಿಯನ್ನು ಚೆಲ್ಲಬೇಕಾಯಿತು. ಅನ್ನದ ಅಗುಳನ್ನೂ ನೆಲದಿಂದ ಆರಿಸುವ ಅತ್ತೆ ಅದನ್ನು ನೋಡಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ಬಿಡುವ ಮನಸ್ಸಾಗಲಿಲ್ಲ. ಬಿಡುವ ಹಕ್ಕೂ ನನಗಿಲ್ಲ ಅನ್ನಿಸಿತು.

ಅದಕ್ಕೆ ಕಾರಣವಿದೆ. ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಶಿಕ್ಷಕರ ನೇಮಕಾತಿಯ ಪರೀಕ್ಷೆ ಬಂದಿತ್ತು. ಕೂಸು ಸದಾ ಅಳುತ್ತಿತ್ತು. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು, ಈಗಲೂ ಅದೇ ಕೆಲಸ. ಈ ವರ್ಷ ಪರೀಕ್ಷೆ ಬರೆಯುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಸುದ್ದಿ ತಿಳಿದ ಅತ್ತೆ ನಾಟಿಯ ಕೂಲಿಯನ್ನು ಬಿಟ್ಟು, ಒಂದು ಗಂಟು ಹಿಡಿದು ಬಸ್ಸಿಳಿದರು. "ನೀ ಪುಸ್ತಕ ಹಿಡಿ, ಕೂಸಿನ್ನ ನಾ ಹಿಡೀತೀನಿ" ಎಂದರು. ನಾಲ್ಕು ತಿಂಗಳು ಹಾಗೆಯೇ ಹಿಡಿದರು. ಅಕ್ಷರ ಬಾರದ ಆ ಹೆಂಗಸು ನಾನು ಓದುತ್ತಾ ತೂಕಡಿಸಿದರೆ ಚಹಾ ತಂದು ಮುಂದಿಡುತ್ತಿದ್ದರು. ಆ ಹೆಂಗಸು ಈಗ ನನ್ನ ಮನೆಯಲ್ಲಿ ಗೋಡೆ ನೋಡುತ್ತಾ ಗಂಜಿ ಕುಡಿಯುವುದೆಂದರೆ?

ಮುಂದಿನ ಭಾನುವಾರ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋದೆ. ಕೋಳಿ ಅಂಗಡಿಯಲ್ಲಿ ಗಂಡನ ಪಕ್ಕ ಕೂರುವ ಹೆಂಗಸಿಗೆ ನನ್ನ ಪರಿಚಯವಿತ್ತು. ಮನೆಮಾತು ದಖನಿ, ನಮ್ಮೊಂದಿಗೆ ಅಚ್ಚ ರಾಯಚೂರು ಕನ್ನಡ. ಯಾರಿಗೆ, ಏನು ಎಂದು ವಿಚಾರಿಸಿಕೊಂಡು, ಹುಂಜ ಬೇಡವೆಂದು ಎಳೆಯ ಹೇಂಟೆಯೊಂದನ್ನು ಆರಿಸಿದಳು. ತುಂಡು ಸಣ್ಣದಾದಷ್ಟೂ ಎಲುಬಿನ ಚೂರು ಹೆಚ್ಚು ಎಂದು ಗಂಡನಿಗೆ ಹೇಳಿ ದೊಡ್ಡದಾಗಿಯೇ ಕಡಿಸಿದಳು. ತನ್ನ ತಾಯಿಗೂ ಹಲ್ಲಿರಲಿಲ್ಲವಂತೆ. ಮೊಸರು ಹಚ್ಚಿ ಒಂದು ತಾಸು ಇಡಬೇಕೆಂದು ಎರಡು ಸಲ ಹೇಳಿ ಕಳಿಸಿದಳು.

ಮನೆಗೆ ಬಂದು ಅತ್ತೆಯನ್ನು ಅಡುಗೆಮನೆಗೆ ಕರೆದೆ, ಸ್ಟೂಲು ಹಾಕಿ ಕೂರಿಸಿದೆ. ಕಾಣದ ಉರಿಗೆ ಅಂಜಿದವರು ಕಣ್ಣಾರೆ ನೋಡಲಿ ಎಂಬುದು ನನ್ನ ಲೆಕ್ಕ. ಕೋಳಿಗೆ ಮೊಸರು, ಅರಿಶಿನ, ಉಪ್ಪು, ಶುಂಠಿ, ಬೆಳ್ಳುಳ್ಳಿ ಹಚ್ಚಿ ಒಂದು ತಾಸು ಇಟ್ಟೆ. ಉಳ್ಳಾಗಡ್ಡಿಯನ್ನು ಹೆಚ್ಚಿ ಪಾತ್ರೆಯ ತಳಕ್ಕೆ ಹಾಸಿದೆ. ಒಣಕೊಬ್ಬರಿ, ಗಸಗಸೆ, ಧನಿಯಾ ಹುರಿದು ರುಬ್ಬಿದೆ. ಖಾರದ ಪುಡಿ ಅರ್ಧ ಚಮಚ ಹಾಕಿದಾಗ ಅತ್ತೆ ಆ ದಿನ ಮೊದಲ ಸಲ ಬಾಯಿ ತೆರೆದರು. ವಸಡು ಮಾದಿದೆ, ಇನ್ನೂ ಅರ್ಧ ಹಾಕು ಎಂಬುದು ಅವರ ಮಾತಿನ ಅರ್ಥ. ಹಾಕಿದೆ. ಎಲ್ಲವನ್ನೂ ಉಳ್ಳಾಗಡ್ಡಿಯ ಮೇಲೆ ಸುರಿದು ಮುಚ್ಚಳ ಮುಚ್ಚಿದಾಗ, ನೀರೇ ಹಾಕಿಲ್ಲವಲ್ಲ, ತಳ ಹಿಡಿಯುತ್ತದೆ ಎಂದು ಗಾಬರಿಯಾದರು. ಕೋಳಿಯೇ ನೀರು ಬಿಡುತ್ತದೆ ಎಂದೆ. ಅವರು ನಂಬಲಿಲ್ಲ.

ಹತ್ತು ಗಂಟೆಗೆ ಸ್ವಿಚ್ ಹಾಕಿದೆ. ಹನ್ನೊಂದೂವರೆಗೆ ಗಾಜಿನ ಒಳಗೆ ಹನಿಗಳು ಕಟ್ಟಿದವು. ಹನ್ನೆರಡಕ್ಕೆ ಅಂಚಿನಲ್ಲಿ ಸಣ್ಣಗೆ ಗುಳ್ಳೆ ಎದ್ದವು. ಅತ್ತೆ ಕೈಯನ್ನು ಪಾತ್ರೆಯ ಹತ್ತಿರ ಹಿಡಿದು ಕಾವು ನೋಡಿದರು, ಕಣ್ಣು ಗಾಜಿಗೆ ತಂದು ಒಳಗೆ ಇಣುಕಿದರು. ಕೋಳಿ ನಿಜಕ್ಕೂ ನೀರು ಬಿಟ್ಟಿತ್ತು. ಅವರು ಮುಚ್ಚಳ ಎತ್ತಲು ಹೋದಾಗ ತಡೆದೆ. ಒಮ್ಮೆ ಎತ್ತಿದರೆ ಅರ್ಧ ತಾಸಿನ ಕಾವು ಹೋಗುತ್ತದೆ ಎಂದು ವಿವರಿಸಿದೆ.

ಒಂದು ಗಂಟೆಗೆ ಕರೆಂಟು ಹೋಯಿತು.

ಫ್ಯಾನು ನಿಂತ ಮೇಲೆ ಮನೆಯಲ್ಲಿ ಏನೂ ಸದ್ದಿರಲಿಲ್ಲ. ನನಗೆ ಅಳುವೇ ಬಂದಂತಾಯಿತು. ಗ್ಯಾಸಿನ ಮೇಲೆ ಬೇರೆ ಪಾತ್ರೆಗೆ ಸುರಿದುಬಿಡೋಣ ಎಂದು ಮುಚ್ಚಳಕ್ಕೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಮುಚ್ಚಳ ತೆಗೀಬ್ಯಾಡ. ಕಾವು ಹೋಗತದ ಅಂತ ನೀನ ಹೇಳಿದಿ."

ಎದ್ದು ಹೋಗಿ ತಮ್ಮ ಹಾಸಿಗೆಯ ಮೇಲಿನ ಕೌದಿ ತಂದರು. ಪ್ಲಗ್ಗು ಕೀಳಿಸಿ, ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಆ ದಪ್ಪ ಹೊದಿಕೆಯನ್ನು ಪಾತ್ರೆಗೆ ಎರಡು ಸುತ್ತು ಸುತ್ತಿದರು. ಕೂಸನ್ನು ಸುತ್ತುವ ಹಾಗೆ ಅಂಚುಗಳನ್ನು ಒಳಗೆ ಸಿಕ್ಕಿಸಿದರು. ಹೊಲಕ್ಕೆ ಒಯ್ದ ಸಾರಿನ ಗಡಿಗೆಯನ್ನು ಹೀಗೆಯೇ ಸುತ್ತಿಡುತ್ತಿದ್ದರಂತೆ. ನಂತರ ಸ್ಟೂಲಿನ ಮೇಲೆ ಕುಳಿತು ಕಾಯತೊಡಗಿದರು. ಮುಕ್ಕಾಲು ತಾಸು ಕಳೆದು ಕರೆಂಟು ಬಂತು. ಕೌದಿ ಬಿಚ್ಚಿದಾಗ ಗಾಜಿನ ಮೇಲೆ ಇನ್ನೂ ಹನಿಗಳಿದ್ದವು, ಅಂಚು ಮುಟ್ಟಲಾರದಷ್ಟು ಸುಡುತ್ತಿತ್ತು. ಈ ಸಲ ಪ್ಲಗ್ಗು ಚುಚ್ಚಿದವರು ಅತ್ತೆ.

ಸಂಜೆ ಆರಕ್ಕೆ ಮುಚ್ಚಳ ತೆಗೆದೆವು. ಚಮಚ ತಾಗಿಸಿದರೆ ಸಾಕು, ಮಾಂಸ ಎಲುಬಿನಿಂದ ಜಾರುತ್ತಿತ್ತು, ರಸ ಅದರೊಳಗೇ ಇತ್ತು. ನಾನೂ ಮಗಳೂ ಕುಳಿತು ಎಲುಬನ್ನೆಲ್ಲ ಆರಿಸಿ ತೆಗೆದೆವು. ಜೋಳದ ಮುದ್ದೆ ತೊಳಸಿ, ಅದರ ನಡುವೆ ಗುಳಿ ಮಾಡಿ ಸಾರು ಬಿಟ್ಟೆ. ಎಲ್ಲರ ತಟ್ಟೆಗೂ ಅದೇ ಊಟ. ಗಂಡನಿಗೂ ಆ ದಿನ ರೊಟ್ಟಿ ಮಾಡಲಿಲ್ಲ.

ಅತ್ತೆ ತಟ್ಟೆ ಹಿಡಿದು ಅಭ್ಯಾಸದಂತೆ ಗೋಡೆಯ ಕಡೆ ಕುಳಿತರು. ಒಂದು ತುತ್ತು ತಿಂದರು, ಎರಡು ತಿಂದರು. ಮಗಳು ಅವರ ಎದುರಿಗೆ, ಗೋಡೆಗೆ ಬೆನ್ನು ಕೊಟ್ಟು ತನ್ನ ತಟ್ಟೆ ಇಟ್ಟುಕೊಂಡಳು. ಅತ್ತೆ ಅವಳನ್ನು ನೋಡಿದರು. ಆಮೇಲೆ ಸೆರಗನ್ನು ಬಾಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು, ನಮ್ಮೆಲ್ಲರ ಕಡೆ ತಿರುಗಿ ಕುಳಿತರು.

"ಉಪ್ಪು ಸ್ವಲ್ಪ ಕಮ್ಮಿ ಆಗ್ಯದ" ಎಂದರು. ಎರಡನೆಯ ಸಲ ಸಾರು ಕೇಳಿದರು.

ಅಲ್ಲಿಂದ ಮುಂದೆ ಶಾಲೆಯ ದಿನಗಳಲ್ಲೂ ಬೆಳಿಗ್ಗೆ ಪಾತ್ರೆ ತುಂಬಿಟ್ಟು ಹೊರಡುವುದು ನನ್ನ ಕೆಲಸ, ಕಾಯುವುದು ಅವರ ಕೆಲಸವಾಯಿತು. ಒಂದೊಂದು ದಿನ ಕೋಳಿ, ಉಳಿದ ದಿನ ಬೇಳೆ, ಸೊಪ್ಪು. ತಿಂಗಳೊಳಗೆ ಅವರ ಧ್ವನಿ ಪಕ್ಕದ ಮನೆಗೆ ಕೇಳುವಷ್ಟಾಯಿತು.

ಹಲ್ಲಿನ ಸೆಟ್ಟು ಬರಲು ಇನ್ನೂ ಮೂರು ವಾರವಿದ್ದಾಗ ಪೋತ್ನಾಳದಲ್ಲಿ ಬಳಗದ ಮದುವೆ ಬಂತು. ಬರುತ್ತೀರಾ ಎಂದು ಕೇಳಲು ನಾನು ಹಿಂಜರಿದೆ. ಅವರು ಆಗಲೇ ಹಸಿರು ಇಳಕಲ್ ಸೀರೆ ತೆಗೆದು ಹಾಸಿಗೆಯ ಮೇಲೆ ಇಟ್ಟಿದ್ದರು. ಊಟದ ಸಾಲಿನಲ್ಲಿ ನಡುವಿಗೇ ಕುಳಿತು, ಬೊಚ್ಚು ಬಾಯಿ ತುಂಬ ನಗುತ್ತಾ, ಬಡಿಸುವವರನ್ನು ಕೈಬೀಸಿ ಕರೆದು ಗೋಧಿ ಹುಗ್ಗಿಯನ್ನು ಇನ್ನೊಂದು ಸಲ ಹಾಕಿಸಿಕೊಂಡರು.