ಗಂಡಸಿನ ಹೆಜ್ಜೆ ಕಲಿತ ಅತ್ತೆ

"ನನ್ ಮಗ ಬರಲ್ಲ ಅಂದ್ಬಿಟ್ಟ ಮೇಡಂ. ಗಂಡಸಿನ ಹೆಜ್ಜೆ ನಂಗೇ ಹೇಳ್ಕೊಡಿ, ಸೊಸೆ ಜೊತೆ ನಾನೇ ಕುಣೀತೀನಿ" ಎನ್ನುತ್ತಾ ಆ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟರು. ಹಿಂದೆ ಸೊಸೆ ತಲೆ ತಗ್ಗಿಸಿ ನಿಂತಿದ್ದಳು.

ದೊಡ್ಡಬಳ್ಳಾಪುರದಲ್ಲಿ ನಾನು ಗಂಡು-ಹೆಣ್ಣು ಜೋಡಿಯಾಗಿ ಕುಣಿಯುವ ಬಾಲ್‌ರೂಮ್ ನೃತ್ಯದ ತರಗತಿ ಶುರು ಮಾಡಿ ಕೆಲವೇ ವಾರಗಳಾಗಿದ್ದವು. ಎಲ್ಲರೆದುರು ಕೈ ಹಿಡಿದು ಕುಣಿಯಲು ದಂಪತಿಗಳಿಗೆ ಸಂಕೋಚ. ಸೇರಿದವರೂ ಬಿಟ್ಟುಹೋಗಿ, ತರಗತಿ ಮುಚ್ಚುವ ಯೋಚನೆಯಲ್ಲಿದ್ದೆ.

ಸಾಸಲಿನಿಂದ ಬಸ್ಸಿನಲ್ಲಿ ಬಂದಿದ್ದ ಈ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾನು ತೋರಿಸಿದಂತೆ ಸೊಸೆಯ ಬೆನ್ನಿಗೆ ಕೈಯಿಟ್ಟರು. ಹೆಜ್ಜೆ ತಪ್ಪಿ ಅವಳ ಕಾಲು ತುಳಿದರು. ಕಿಟಕಿಯಲ್ಲಿ ಯಾರೋ ಇಣುಕಿದರು.

"ಸಾಕು ಬನ್ನಿ ಅತ್ತೆ, ಜನ ನೋಡ್ತಾವ್ರೆ" ಎಂದಳು ಸೊಸೆ.

"ನೋಡ್ಲಿ ಬಿಡು. ಮದ್ವೆಯಾಗಿ ಬಂದಾಗ್ನಿಂದ ಡ್ಯಾನ್ಸ್ ಕಲೀಬೇಕು ಅಂತಿದ್ದೋಳು ನೀನೇ ಅಲ್ವಾ? ಬಲಗಾಲು ಹಿಂದಕ್ಕಿಡು."

ಆಕೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಸಂಜೆಯಾಗುವಷ್ಟರಲ್ಲಿ ಇಬ್ಬರೂ ನಗುತ್ತಾ ಹಾಲ್‌ನ ಒಂದು ಸುತ್ತು ಬಂದಿದ್ದರು.

ತರಗತಿ ಮುಚ್ಚುವ ಯೋಚನೆಯನ್ನು ನಾನು ಮತ್ತೆ ಮಾಡಲಿಲ್ಲ. ಈಗ ಅಕ್ಕತಂಗಿಯರು, ನೆರೆಮನೆಯ ಗೆಳತಿಯರು ಜೊತೆಯಾಗಿ ಬರುತ್ತಾರೆ. ಯಾರಾದರೂ ಒಬ್ಬರೇ ಬಂದರೆ ಅವರ ಎದುರಿಗೆ ನಾನೇ ನಿಂತು ಕೈ ಚಾಚುತ್ತೇನೆ.