ಅತ್ತೆ ತಂಬಿಗೆ ಹಿಡಿದು ಹೋದ ಬೆಳಗು

ಬಟ್ಟೆಯ ಪಾಯಖಾನೆಯನ್ನು ಕಂಡೊಡನೆ ನನ್ನ ಅತ್ತೆ ಮುಖ ತಿರುಗಿಸಿದರು. ಅಫಜಲಪುರದಿಂದ ಕಾರಿನಲ್ಲಿ ಹೊರಟು, ಕಚ್ಛಿನ ಕಾಡುಕತ್ತೆಗಳ ಅಭಯಾರಣ್ಯದ ಹತ್ತಿರ ಒಮ್ಮೆ ತಂಗಿ, ಜೈಸಲ್ಮೇರಿನಾಚೆಯ ಮರಳುಗಾಡಿನ ರಾಷ್ಟ್ರೀಯ ಉದ್ಯಾನದ ಅಂಚಿನ ಬಾಡಿಗೆ ಡೇರೆಗಳಿಗೆ ಬಂದಿದ್ದೆವು. ನಾನು, ನನ್ನ ಗಂಡ, ಅತ್ತೆ. ದಾರಿಯುದ್ದಕ್ಕೂ ಅತ್ತೆ-ಸೊಸೆಯರ ಕಟಿಪಿಟಿ ನಡೆದೇ ಇತ್ತು.

"ಜಿಪ್ ಎಳಕೊಂಡು ಒಳಗ ಕುಂದ್ರಬೇಕಂತ. ಮಗ್ಗಲಕ್ಕ ಚಾ ಕಾಸಾಕತ್ತಾರ! ನನ್ನ ಕಡಿಂದ ಆಗೂದಿಲ್ಲವಾ."

"ಮನ್ಯಾಗ ಇರಬೇಕಿತ್ರಿ ಮತ್ತ," ಎಂದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

ಮರುದಿನ ನಸುಕಿನಲ್ಲಿ ಅವರು ತಂಬಿಗೆ ಹಿಡಿದು ಮರಳುದಿಬ್ಬದಾಚೆ ನಡೆದರು. ನನ್ನ ಗಂಡ ಆ ದಿಕ್ಕಿಗೆ ಬೆನ್ನು ಹಾಕಿ ಕೂತರು. ನಮ್ಮ ಕಡೆ ಅದು ರೂಢಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಪಾಯಖಾನೆ ಇನ್ನೂ ಕಟ್ಟಿಸಿರಲಿಲ್ಲ. ಆಗ ಅತ್ತೆಯೇ ನನಗೆ ಕಲಿಸಿದ್ದರು: "ಬಯಲಕಡಿ ಹೋದಾಗ ಯಾರರ ಬಂದಂಗಾದ್ರ ಬಾಯಿ ಬಿಚ್ಚಬ್ಯಾಡ. ಬರೇ ಕೆಮ್ಮು. ಅವರೂ ತಿಳ್ಕೋತಾರ."

ಚಹಾ ಆರಿತು. ಹೊತ್ತು ಮೂಡಿತು. ಅತ್ತೆಯ ಸುಳಿವಿಲ್ಲ.

"ಬರ್ತಾಳ ತಡಿ. ಅವಸರ ಮಾಡಿದ್ರ ಬೈತಾಳ," ಎಂದರು ಗಂಡ, ಕತ್ತು ಕೂಡ ಹೊರಳಿಸದೆ.

ನನಗೆ ನೆತ್ತಿಗೇರಿತು. "ನಿಮ್ಮ ನಾಚಿಕಿಗೆ ಬೆಂಕಿ ಹತ್ತಲಿ! ತಿರುಗಿ ನೋಡ್ರಿ ಮೊದಲ!" ಎಂದವಳೇ ದಿಬ್ಬ ಹತ್ತಿದೆ. ಹೆಜ್ಜೆ ಗುರುತು ಮೊದಲ ದಿಬ್ಬದ ತುದಿಯವರೆಗೆ ಇತ್ತು, ಆಮೇಲೆ ಗಾಳಿ ಎಲ್ಲವನ್ನೂ ಅಳಿಸಿತ್ತು. ನಮ್ಮ ಎರೆಹೊಲದಲ್ಲಿ ಹಸಿಯಲ್ಲಿ ಮೂಡಿದ ಹೆಜ್ಜೆ ವಾರಗಟ್ಟಲೆ ಉಳಿಯುತ್ತದೆ. ದಾರಿ ತಪ್ಪಿದರೆ ಬದುವಿದೆ, ಬೇವಿನ ಮರವಿದೆ. ಇಲ್ಲಿ ಯಾವ ದಿಬ್ಬ ನೋಡಿದರೂ ಒಂದೇ.

ಡೇರೆಗಳ ಮಾಲೀಕ ಓಡಿ ಬಂದ. ಬಿಸಿಲೇರಿದರೆ ಮರಳು ಕಾದ ಹಂಚಾಗುತ್ತದೆ, ಮುದುಕಿ ಮಧ್ಯಾಹ್ನದವರೆಗೆ ತಾಳಲಾರಳು ಎಂದು ಹಿಂದಿಯಲ್ಲಿ ಹೇಳಿದ. ಅತ್ತೆಗೆ ಬಿಪಿ ಬೇರೆ. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗಂಡಸರಿಬ್ಬರೂ ಕೂಗತೊಡಗಿದರು.

"ಯವ್ವಾ! ಎಲ್ಲಿದ್ದೀ ಬೇ, ಯವ್ವಾ!"

ಉತ್ತರವಿಲ್ಲ. ಕೂಗಿ ಕೂಗಿ ಗಂಡನ ದನಿ ಒಡೆಯಿತು. ಅವರು ಅಳುತ್ತಿದ್ದರು. ಹತ್ತಿರವಿದ್ದಿದ್ದರೆ ಖಂಡಿತ ಓಗೊಡುತ್ತಿದ್ದಳು, ಬಹಳ ದೂರ ಹೋಗಿದ್ದಾಳೆ, ಜೀಪಿನಲ್ಲಿ ಆಚೆ ಹುಡುಕೋಣ ಎಂದ ಮಾಲೀಕ. ಗಂಡ ಅವನ ಹಿಂದೆ ಹೊರಟೇ ಬಿಟ್ಟರು.

ಆಗ ನನಗೆ ಹೊಳೆಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಕೈಯಲ್ಲಿ ತಂಬಿಗೆ ಇರುವಾಗ ಗಂಡಸರ ಕೂಗಿಗೆ ಓ ಎನ್ನುವ ಹೆಂಗಸಲ್ಲ ಅವರು.

"ನಿಂದರ್ರಿ! ಇಬ್ಬರೂ ಡೇರೆದ ಹಿಂದ ಹೋಗ್ರಿ. ಈ ಕಡಿ ನೋಡಬ್ಯಾಡ್ರಿ, ಒದರಬ್ಯಾಡ್ರಿ."

"ಹುಚ್ಚ ಹಿಡೀತೇನ ನಿನಗ?"

"ಹೋಗ್ರಿ ಅಂದ್ರ ಹೋಗ್ರಿ!"

ಒಬ್ಬಳೇ ಮುಂದಿನ ದಿಬ್ಬ ಇಳಿದು ಕೆಮ್ಮಿದೆ. ಏನೂ ಇಲ್ಲ. ನನ್ನ ಎಣಿಕೆ ತಪ್ಪಿದ್ದರೆ ಜೀಪನ್ನು ತಡೆದ ಪಾಪ ನನ್ನದೇ. ಇನ್ನೊಂದು ದಿಬ್ಬ ಹತ್ತಿ ಮತ್ತೆ ಕೆಮ್ಮಿದೆ. ಗಂಟಲಲ್ಲಿ ಮರಳು ಸಿಕ್ಕು ಅದು ನಿಜವಾದ ಕೆಮ್ಮೇ ಆಯಿತು. ಕಣ್ಣಲ್ಲಿ ನೀರು ಬಂತು.

ಎಡಗಡೆಯಿಂದ, ಅಲ್ಲೇ ಹತ್ತಿರದಿಂದ, ಒಂದು ಸಣ್ಣ ಕೆಮ್ಮು ಕೇಳಿಸಿತು.

ಮುಳ್ಳುಕಂಟಿಯ ಚೂರು ನೆರಳಲ್ಲಿ, ತಲೆತುಂಬ ಸೆರಗು ಹೊದ್ದು ಅತ್ತೆ ಕೂತಿದ್ದರು. ತುಟಿ ಒಣಗಿತ್ತು. ನಾನು ಓಡಿಹೋಗಿ ತಬ್ಬಿಕೊಂಡೆ. ಇಷ್ಟು ವರ್ಷ ಜಗಳಾಡಿದ ಈ ಹೆಂಗಸಿಲ್ಲದೆ ನನಗೆ ಆಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು. ಅಳುತ್ತಲೇ ಬೈದೆ.

"ಆವಾಗಿಂದ ಒದರಾಕತ್ತಾರ, ಕೇಳಸ್ಲಿಲ್ಲೇನ್ರಿ?"

"ಕೇಳಸ್ತು."

"ಓ ಅನ್ನಾಕ ಏನಾಗಿತ್ರಿ?"

"ದಾರಿ ತಪ್ಪಿತ್ತು ಖರೆ, ಆದ್ರ ಪರಗಂಡಸು ಇದ್ದ. ತಂಬಿಗಿ ಹಿಡಕೊಂಡು ಹ್ಯಾಂಗ ಓ ಅನ್ಲಿ?" ನನ್ನ ಹೆಗಲು ಹಿಡಿದು ಎದ್ದರು. ದನಿ ಮಾತ್ರ ಹಳೆಯ ಜಬರದಸ್ತಿನದೇ.

"ನಿನಗ ಕಲಿಸಿದ್ದೆ ಹೌದಿಲ್ಲೋ? ಮೊದಲಽ ಬಂದು ಕೆಮ್ಮಾಕ ಏನಾಗಿತ್ತು? ಇಷ್ಟೊತ್ತು ಕುಂತೇನಿ, ನಿನ್ನ ದಾರಿ ನೋಡಕೋತ."