ಅಕ್ಕನಿಗೆ ಕಾಣದ ಮೀಸೆ

ಎರಡು ತಿಂಗಳ ಹಿಂದೆ ನಾರಾವಿಯ ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಅಕ್ಕ ತಲೆ ಎತ್ತಿ ನನ್ನ ಮುಖ ನೋಡಿದಳು. "ಮೀಸೆ ಎಂತಕ್ಕೆ ತೆಗೆದದ್ದು ಮಾರಾಯ?" ಎಂದು ಕೇಳಿದಳು.

ನಾನು ಮೀಸೆ ತೆಗೆದಿರಲಿಲ್ಲ.

ಕಾಲೇಜಿನ ದಿನಗಳಿಂದ ಸಾಕಿಕೊಂಡು ಬಂದ ಮೀಸೆ ಅದು. (ಈ ಅಂಕಣದ ಮೇಲಿರುವ ಫೋಟೋದಲ್ಲಿ ನೀವೂ ನೋಡಿದ್ದೀರಿ. ಆಮೇಲೆ ಅರ್ಧ ನರೆತಿತ್ತು, ಅಷ್ಟೇ.) ಭಾವ ಜೋರಾಗಿ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಕತ್ತು ಸ್ವಲ್ಪ ವಾರೆ ಮಾಡಿ, ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಾ, "ಹಾಂ, ಉಂಟು ಉಂಟು" ಎಂದಳು.

ಮೀಸೆ ನೋಡುವುದಕ್ಕೆ ಕಿವಿಯ ಕಡೆ ಯಾಕೆ ನೋಡಬೇಕು?

ಕೇಳಿದೆ. ಮೊದಲು ಮಾತು ಹಾರಿಸಿದಳು. ಬಿಡದೆ ಕೇಳಿದ ಮೇಲೆ ಹೇಳಿದಳು: "ನೋಡುವ ಜಾಗವೇ ಮಸುಕು. ನಿನ್ನ ತಲೆಕೂದಲು ಕಾಣ್ತದೆ, ಅಂಗಿ ಕಾಣ್ತದೆ. ನಡುವೆ ಎಂತ ಇಲ್ಲ."

ಯಾವಾಗಿನಿಂದ? "ಮಳೆಗಾಲದ ಮೊದಲಿಂದ." ಹೇಳಲಿಲ್ಲ ಯಾಕೆ? "ಬೀಡಿ ಸರಿಯಾಗಿ ಆಗ್ತದಲ್ಲ."

ನೋಡಿ, ಎಡವಟ್ಟಾದದ್ದು ಅಲ್ಲಿಯೇ. ನಮ್ಮ ಕಡೆಯ ಹೆಂಗಸರು ಬೀಡಿ ಕಟ್ಟುವಾಗ ಕಣ್ಣು ಟಿವಿಯಲ್ಲಿ, ಬಾಯಿ ಪಕ್ಕದ ಮನೆಯವಳ ಜೊತೆ. ಎಲೆ ಸುತ್ತುವುದು, ನೂಲು ಬಿಗಿಯುವುದು ಎಲ್ಲ ಬೆರಳಿನ ಕೆಲಸ. ಅಕ್ಕ ಕಟ್ಟಿದ ಬೀಡಿ, ಅದನ್ನು ಎಣಿಸಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನಿಂದ ಒಂದೂ ವಾಪಸ್ ಬರುತ್ತಿರಲಿಲ್ಲ. ಹಾಗಾಗಿ ಜೊತೆಯಲ್ಲೇ ಇರುವ ಭಾವನಿಗೂ ಗೊತ್ತಾಗಲಿಲ್ಲ. ಕೈ ನಡೆಯುತ್ತಿರುವ ಹೆಂಗಸಿನ ಕಣ್ಣನ್ನು ಮನೆಯಲ್ಲಿ ಯಾರು ಕೇಳುತ್ತಾರೆ?

ಮರುದಿನವೇ ಮೂಡಬಿದಿರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ರೆಟಿನಾದ ದಪ್ಪ ಅಳೆಯುವ ಒಂದು ಮೆಷಿನ್ ಇದೆ. (ರೆಟಿನಾ ಎಂದರೆ ಅಕ್ಷಿಪಟಲ. ಹೈಸ್ಕೂಲಿನಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಮಾರ್ಕು ತೆಗೆದುಕೊಂಡು ಮರೆತವರಲ್ಲಿ ನಾನೂ ಒಬ್ಬ.) ಮೆಷಿನ್ ನಡೆಸುವ ಹುಡುಗಿ ಅಕ್ಕನ ಗದ್ದವನ್ನು ಸ್ಟ್ಯಾಂಡಿನ ಮೇಲಿಟ್ಟು, "ನಡುವೆ ಒಂದು ಚುಕ್ಕೆ ಉಂಟು, ಅದನ್ನೇ ನೋಡಿ ಅಮ್ಮ" ಎಂದಳು.

"ನಡುವೆಯೇ ಕಾಣುವುದಿಲ್ಲ ಮಗಾ" ಎಂದಳು ಅಕ್ಕ.

ರಿಪೋರ್ಟ್ ಕೈಗೆ ಬಂತು. ಡಾಕ್ಟರ್ ಒಳಗೆ ಕರೆಯಲು ಇನ್ನೂ ಹೊತ್ತಿತ್ತು. ಸುಮ್ಮನೆ ಕೂರುವ ಜನವೇ ನಾವು? ಬಿಚ್ಚಿದೆವು. ಎರಡು ಕಣ್ಣಿಗೆ ಎರಡು ಚಿತ್ರ, ಕೆಳಗೆ ಮೈಕ್ರಾನ್ ಲೆಕ್ಕ. ಎಡಗಣ್ಣಿನದು ನಾನೂರು ದಾಟಿತ್ತು, ಬಲದ್ದು ಇನ್ನೂರೂ ಇರಲಿಲ್ಲ.

"ಬಲದ್ದು ಕಮ್ಮಿ ಉಂಟಲ್ಲ, ಅದು ಸರಿ ಇರಬೇಕು" ಎಂದರು ಭಾವ. ನನಗೂ ಹಾಗೇ ಅನಿಸಿತು. ಶುಗರ್ ಕಮ್ಮಿಯಾದರೆ ಖುಷಿ, ಬಿಪಿ ಕಮ್ಮಿಯಾದರೆ ಖುಷಿ, ಕೊಲೆಸ್ಟ್ರಾಲ್ ಕಮ್ಮಿಯಾದರೆ ಅವತ್ತು ಒಂದು ಗೋಳಿಬಜೆ ಜಾಸ್ತಿ. ರಿಪೋರ್ಟ್ ಓದಲು ನಮಗೆ ಗೊತ್ತಿರುವುದು ಅದೊಂದೇ ದಾರಿ. ನಾನೇ ಅಕ್ಕನಿಗೆ ಹೇಳಿದೆ, ಬಲಗಣ್ಣಿಗೆ ಎಂತ ತೊಂದರೆ ಇಲ್ಲವಂತೆ ಎಂದು.

"ಹಾಗಾದರೆ ಸಾಕು. ಒಂದು ಕಣ್ಣಿದ್ದರೆ ಧಾರಾಳ ಆಯ್ತು" ಎಂದಳು. ಬೆಳಗ್ಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು.

ಡಾಕ್ಟರಮ್ಮ ಚಿಕ್ಕ ಪ್ರಾಯದವರು, ನಿಧಾನವಾಗಿ ವಿವರಿಸಿದರು. ರೆಟಿನಾದ ನಟ್ಟನಡುವೆ ಮ್ಯಾಕ್ಯುಲ ಎಂಬ ಜಾಗ. ಓದುವುದು, ಸೂಜಿಗೆ ನೂಲು ಹಾಕುವುದು, ಎದುರಿನವರ ಮುಖ ಗುರುತಿಸುವುದು ಎಲ್ಲ ಅದರಿಂದಲೇ. ಹತೋಟಿ ತಪ್ಪಿದ ಶುಗರ್‌ನಿಂದ ಅಲ್ಲಿ ನೀರು ತುಂಬಿ ಬಾತುಕೊಳ್ಳುತ್ತದೆ. "ಎಡದ್ದು ಬಾತಿದೆ. ಇಂಜೆಕ್ಷನ್ ಕೊಟ್ಟರೆ ಇಳಿಯಬಹುದು, ಸ್ವಲ್ಪ ದೃಷ್ಟಿ ಉಳಿಯಬಹುದು" ಎಂದರು.

"ಬಲದ್ದು ಕಮ್ಮಿ ಉಂಟಲ್ಲ ಡಾಕ್ಟ್ರೇ?" ಭಾವ ಕೇಳಿದರು.

"ಅದು ತುಂಬಾ ಸಮಯ ಬಾತಿದ್ದು ಈಗ ಸವೆದುಹೋಗಿದೆ. ಅಲ್ಲಿ ಉಳಿಸಲಿಕ್ಕೆ ಏನೂ ಇಲ್ಲ."

ನಾನು ಅಕ್ಕನ ಕಡೆ ನೋಡಲಿಲ್ಲ. ಅವಳು ಮಾತ್ರ, "ಮೈಕ್ರಾನ್ ಅಂದರೆ ಎಷ್ಟು?" ಎಂದು ಕೇಳಿದಳು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಎಂದರು ಡಾಕ್ಟರ್. "ಅಷ್ಟು ಸಣ್ಣದಕ್ಕಾ?" ಎಂದಳು.

ನಾವು ಎಂಥೆಂಥದ್ದನ್ನೆಲ್ಲ ಅಳೆಯುತ್ತೇವೆ ಹೇಳಿ. ಜಾಗವನ್ನು ಸೆಂಟ್ಸ್ ಲೆಕ್ಕದಲ್ಲಿ ಅಳೆದು, ಬೇಲಿ ಒಂದು ಗೇಣು ಸರಿದರೆ ಕೋರ್ಟಿಗೆ ಹೋಗುತ್ತೇವೆ. ಅಕ್ಕನ ಕಣ್ಣೊಳಗೆ ಅರ್ಧ ಮಿಲಿಮೀಟರಿಗೂ ಕಮ್ಮಿ ಜಾಗದಲ್ಲಿ ಇಡೀ ಪ್ರಪಂಚ ಅಳಿಸಿಹೋಗುತ್ತಿತ್ತು. ಅಳೆಯುವುದಿರಲಿ, ಮನೆಯವರು ಯಾರೂ ಒಮ್ಮೆ ಕೇಳಲೂ ಇಲ್ಲ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಎಡಗಣ್ಣಿಗೆ ಮೊದಲ ಇಂಜೆಕ್ಷನ್ ಮಂಗಳೂರಿನಲ್ಲಿ ಆಯಿತು. ಆಮೇಲೆ ಹೋದಾಗಲೆಲ್ಲ ಅಕ್ಕ ಕತ್ತು ವಾರೆ ಮಾಡಿ ನನ್ನ ಮುಖದಲ್ಲಿ ಮೀಸೆ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ. ಆ ಹುಡುಕಾಟ ನೋಡಲು ನನ್ನಿಂದ ಆಗಲಿಲ್ಲ. ಹುಡುಕುವ ಕಷ್ಟವೇ ಬೇಡ ಎಂದು ಕಳೆದ ಶನಿವಾರ ಬಿ.ಸಿ.ರೋಡಿನ ಸೆಲೂನಿನಲ್ಲಿ ಮೀಸೆ ತೆಗೆಸಿದೆ.

ಭಾನುವಾರ ನಾರಾವಿಗೆ ಹೋದೆ. ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮೀಸೆ ತೆಗೆಸಿದೆ ಅಕ್ಕ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಅವಳೇ ನನ್ನ ಕಡೆ ನೆಟ್ಟಗೆ ನೋಡಿದಳು.

"ಇಂಜೆಕ್ಷನ್ ಹಿಡಿದಿದೆ ಮಾರಾಯ. ಇವತ್ತು ನಿನ್ನ ಮೀಸೆ ಲಾಯ್ಕ ಕಾಣ್ತದೆ. ನೀನು ಇನ್ನು ಮಂಡೆಬಿಸಿ ಮಾಡಬೇಡ" ಎಂದಳು.

ಭಾವ ನನ್ನ ಬೋಳು ತುಟಿಯನ್ನು ನೋಡಿ ಒಳಗೆ ಎದ್ದುಹೋದರು. ನಾನು "ಒಳ್ಳೆಯದಾಯ್ತು ಅಕ್ಕ" ಎಂದೆ.

ನೀವೇ ಹೇಳಿ, ನಾನೀಗ ಮತ್ತೆ ಮೀಸೆ ಬಿಡಬೇಕೋ, ಬೇಡವೋ?